ಡ್ಯಾಮ್ ಇಲ್ಲದ ಹಿನ್ನೀರು

ಹೋದ ತಿಂಗಳು ಸೋದರಮಾವನ ಮನೆಗೆ ಹೋಗಿದ್ದೆ. ಶಿವಮೊಗ್ಗದಿಂದ ಸಾಗರ, ಸಾಗರದಿಂದ ಹೊಳೆಬಾಗಿಲು, ಅಲ್ಲಿಂದ ಶರಾವತಿ ಹಿನ್ನೀರಿನ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆ ಆಯ್ತಲ್ಲ, ಅದೇ. ಅಂಬಾರಗೋಡ್ಲು ಕಡೆ ಹತ್ತಿ ಕಳಸವಳ್ಳಿ ಕಡೆ ಇಳಿಯುವಾಗ 2.44 ಕಿಲೋಮೀಟರ್. ಹಿನ್ನೀರನ್ನು ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ ನೋಡುವಷ್ಟರಲ್ಲಿ ಮುಗಿದೇ ಹೋಗಿತ್ತು.

ಮಾವ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಕೈಕಾಲು ತೊಳೆದು ಬಂದ ಕೂಡಲೇ ಕೇಳಿದರು.

"ದಾಟಕ್ಕೆ ಎಷ್ಟು ಹೊತ್ತಾಯ್ತು?"

"ಎರಡೂವರೆ ನಿಮಿಷ ಮಾವ."

"ಥೋ. ಒಂದು ಕವಳ ಕಟ್ಟಕ್ಕೂ ಆಗಲ್ಲ."

ಮಾವ ದಾರಿಯನ್ನು ಕವಳದಲ್ಲಿ, ಅಂದರೆ ಎಲೆ ಅಡಿಕೆಯಲ್ಲಿ ಅಳೆಯುವ ಮನುಷ್ಯ. ಸೇತುವೆ ಬರುವ ಮುಂಚೆ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಅಂದರೆ ಒಂದು ಕವಳ. ಎಲೆಗೆ ಸುಣ್ಣ ಸವರುವಾಗ ಈ ದಡ ಬಿಟ್ಟರೆ, ಉಗುಳಿ ಬಾಯಿ ಒರೆಸಿಕೊಳ್ಳುವಾಗ ಆ ದಡ. ಹೊಳೆಬಾಗಿಲಿನಿಂದ ಸಾಗರಕ್ಕೆ ಬಸ್ಸಿನಲ್ಲಿ ಎರಡು. ಶಿವಮೊಗ್ಗಕ್ಕೆ ಬಂದರೆ ಐದು. ನಾವಿಬ್ಬರೂ ಸೇರಿ ಒಂದ್ಸಲ ಬಹಳ ಉದ್ದದ ನೀರಿನ ದಾರಿ ಹೋಗಿದ್ದೆವು. ಅವರ ಲೆಕ್ಕದಲ್ಲಿ ಅದು ಒಂಬತ್ತು ಕವಳ ಆಗಬೇಕಿತ್ತು. ಆಗಿದ್ದು ಮೂರೇ. ಯಾಕೆ ಅಂತ ಹೇಳ್ತೀನಿ.

2016ರ ಜನವರಿ. ಚಿಕ್ಕಮ್ಮನ ಮಗನಿಗೆ ಕೊಲ್ಲಂ ಹುಡುಗಿ ಗೊತ್ತಾಗಿದ್ದಳು. ಇಬ್ಬರಿಗೂ ಬೆಂಗಳೂರಿನಲ್ಲಿ ಒಂದೇ ಆಫೀಸು. ಜಾತಕ ಗೀತಕ ಯಾರೂ ಕೇಳಲಿಲ್ಲ, ಕೇಳಿದ್ದರೆ ಹುಡುಗ ಕೊಡುತ್ತಲೂ ಇರಲಿಲ್ಲ. ಜನವರಿ 26, ಎಲ್ಲರಿಗೂ ರಜೆ ಇರುತ್ತೆ ಅಂತ ಅವತ್ತೇ ಮದುವೆ, ಹುಡುಗಿ ಊರಲ್ಲೇ. ನಮ್ಮ ಕಡೆಯಿಂದ ಇಪ್ಪತ್ತೆರಡು ಜನರ ದಿಬ್ಬಣ. ಸಾಗರದಿಂದ ಹುಲಿಕಲ್ ಘಾಟಿ ಇಳಿದು ಮಂಗಳೂರು, ಮಂಗಳೂರಿನಿಂದ ಸಂಜೆಯ ಮಾವೇಲಿ ಎಕ್ಸ್‌ಪ್ರೆಸ್. ಟಿಕೆಟ್ ಮಾಡಿಸುವ ಕೆಲಸ ನನ್ನ ತಲೆಗೆ ಬಂತು.

ಮಂಗಳೂರಿನಿಂದ ಕೊಲ್ಲಂ ಕಡೆ ಹೋಗುವ ರೈಲುಗಳಲ್ಲಿ ಕೆಲವು ಕೊಟ್ಟಾಯಂ ಮೇಲೆ ಹೋಗುತ್ತವೆ, ಕೆಲವು ಆಲಪ್ಪುಳ ಮೇಲೆ. ಮಾವೇಲಿಯದು ಆಲಪ್ಪುಳ ದಾರಿ. ಆ ಹೆಸರು ಕಂಡಿದ್ದೇ ತಲೆಗೆ ಹುಳ ಹೊಕ್ಕಿತು. ಆಲಪ್ಪುಳದಿಂದ ಕೊಲ್ಲಂಗೆ ಕಾಲುವೆಯಲ್ಲೇ ಹೋಗುವ ಬೋಟ್ ಇದೆ ಅಂತ ಎಲ್ಲೋ ಓದಿದ್ದೆ. ಬೆಳಿಗ್ಗೆ ಹತ್ತೂವರೆಗೆ ಹೊರಟರೆ ಸಂಜೆ ಆರೂವರೆಗೆ ಕೊಲ್ಲಂ. ರೈಲಿನಲ್ಲಿ ಹೆಚ್ಚು ಅಂದರೆ ಎರಡು ಗಂಟೆಯ ದಾರಿ, ಬೋಟಿನಲ್ಲಿ ಎಂಟು ಗಂಟೆ.

ಮನೆಯಲ್ಲಿ ಹೇಳಿದೆ. ಒಬ್ಬರೂ ಹೂಂ ಅನ್ನಲಿಲ್ಲ. ಅತ್ತೆಯಂತೂ, "ಲಾಂಚಿಗೆ ಕಾದಿದ್ದು ಸಾಕಾಗ್ಲಿಲ್ವಾ ನಿಂಗೆ? ದುಡ್ಡು ಕೊಟ್ಟು ಬೇರೆ ನೀರಲ್ಲಿ ಕೂರ್ಬೇಕಾ?" ಅಂದರು. ಅತ್ತೆ ಹಾಗಂದರು ಅಂತಲೇ ಇರಬೇಕು, ಮಾವ "ನಾ ಬರ್ತೀನಿ" ಅಂದುಬಿಟ್ಟರು.

ಹೀಗಾಗಿ 25ನೇ ತಾರೀಕು ಸೋಮವಾರ, ಇನ್ನೂ ಬೆಳಕು ಹರಿದಿರಲಿಲ್ಲ, ಆಲಪ್ಪುಳ ಸ್ಟೇಷನ್‌ನಲ್ಲಿ ನಾವಿಬ್ಬರೇ ಇಳಿದೆವು. ದಿಬ್ಬಣದ ಉಳಿದವರು ಮುಸುಕು ಹಾಕಿಕೊಂಡು ಮಲಗಿದ್ದರು. ಮಾವನ ಹೆಗಲಿಗೆ ಒಂದು ಬ್ಯಾಗು, ಸೊಂಟದಲ್ಲಿ ಕವಳದ ಸಂಚಿ. ಹೊರಗೆ ಟೀ ಅಂಗಡಿ ಬೆಂಚಿನ ಮೇಲೆ ಕೂತು ನಾನು ಗೈಡ್ ಥರ ಶುರು ಮಾಡಿದೆ.

"ಮಾವ, ಇವತ್ತಿಡೀ ನಾವು ಕೇರಳದ ಹಿನ್ನೀರಿನ ಮೇಲೇ ಇರ್ತೀವಿ."

"ಹೌದಾ? ಡ್ಯಾಮ್ ಎಲ್ಲಿದೆ?"

"ಡ್ಯಾಮ್ ಇಲ್ಲ."

"ಡ್ಯಾಮ್ ಇಲ್ದೆ ಹಿನ್ನೀರು ಎಲ್ಲಿಂದ ಬರತ್ತೆ ಮಾರಾಯ? ಹಿಂದೆ ನೀರು ನಿಲ್ಬೇಕು ಅಂದ್ರೆ ಮುಂದೆ ಯಾರಾದ್ರೂ ಕಟ್ಬೇಕಲ್ಲ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಿನ್ನೀರು ಅಂದರೆ ನನಗೆ ಕ್ಯಾಲೆಂಡರ್ ಚಿತ್ರ. ತೆಂಗಿನ ಮರ, ಹೌಸ್‌ಬೋಟ್, ಹನಿಮೂನ್ ಪ್ಯಾಕೇಜ್. ಮಾವ ಕರೂರು ಸೀಮೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಅವರಿಗೆ ಹತ್ತು ವರ್ಷ. ಗದ್ದೆ, ತೋಟ, ಹುಟ್ಟಿದ ಮನೆ ಎಲ್ಲ ಹೋಗಿ ಗುಡ್ಡದ ಮೇಲೆ ಹೊಸ ಮನೆ ಕಟ್ಟಿಕೊಂಡ ಪೈಕಿ. ಅವರ ಬಾಯಲ್ಲಿ ಹಿನ್ನೀರು ಅಂದರೆ ಮುಳುಗಿದ್ದು ಅಂತಲೇ ಅರ್ಥ. ಮಲಯಾಳಿಗಳು ಇದಕ್ಕೆ ಕಾಯಲ್ ಅಂತಾರೆ. ಹಿನ್ನೀರು ಅಂತ ಹೆಸರಿಟ್ಟು ಕೂತಿರುವವರು ನಾವು.

ಬೋಟ್ ಜೆಟ್ಟಿ ಬಸ್ ಸ್ಟ್ಯಾಂಡಿಗೆ ಅಂಟಿಕೊಂಡಂತೇ ಇದೆ. ಬಸ್ಸಿಗೆ ಓಡುವವರೂ ಬೋಟಿಗೆ ಓಡುವವರೂ ಒಂದೇ ಗಲಾಟೆಯಲ್ಲಿ ಸೇರಿ ಹೋಗಿರುತ್ತಾರೆ. ಹತ್ತೂವರೆ ತನಕ ಹೊತ್ತು ಕಳೆಯಬೇಕಿತ್ತಲ್ಲ, ಸುಮ್ನೆ ಕಾಲುವೆ ದಂಡೆಯಲ್ಲಿ ಅಡ್ಡಾಡಿದೆವು. ಊರ ನಡುವೆ ಎರಡು ದೊಡ್ಡ ಕಾಲುವೆ. ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು 18ನೇ ಶತಮಾನದಲ್ಲಿ ಈ ಬಂದರು ಬೆಳೆಸಿದರು. ಒಳನಾಡಿನ ಸರಕು ಕಾಯಲ್ ದಾಟಿ, ಈ ಕಾಲುವೆಗಳಲ್ಲಿ ಸಮುದ್ರದ ಹತ್ತಿರ ಬಂದು ಹಡಗು ಹತ್ತುತ್ತಿತ್ತು. ಈಗ ಆ ಕಾಲುವೆಗಳಲ್ಲಿ ಅಂತರಗಂಗೆ ತುಂಬಿಕೊಂಡಿದೆ. ನೇರಳೆ ಹೂವು ಚಂದವೇ, ಅದರ ನಡುವೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಬಾಟಲಿ ಚಂದ ಅಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಬಿಡಲಿಲ್ಲ. ಇಂಥ ಪೇಟೆಗೆ ರೈಲು ಬಂದಿದ್ದು 1989ರಲ್ಲಿ, ಎರ್ನಾಕುಲಂ ಕಡೆಯಿಂದ. ತೆಂಕಲಿಗೆ ಕಾಯಂಕುಳಂ ತನಕ ಹಳಿ ಹಾಕಿ ಕೊಲ್ಲಂ ದಾರಿಗೆ ಸೇರಿಸಿದ್ದು 1992ರಲ್ಲಿ. ನಮ್ಮ ಶಿವಮೊಗ್ಗಕ್ಕೆ ಬೀರೂರಿನಿಂದ ರೈಲು 1899ರಲ್ಲೇ ಬಂದಿತ್ತು. ತೊಂಬತ್ತು ವರ್ಷದ ಅಂತರ. ನಮಗೆ ರೈಲು ಬರುವ ಮುಂಚೆ ಎತ್ತಿನ ಗಾಡಿ ಬಿಟ್ಟರೆ ಗತಿ ಇರಲಿಲ್ಲ. ಇವರಿಗೆ ಬೋಟ್ ಇತ್ತು. ಹಾಗಾಗಿ ಆಲಪ್ಪುಳ–ಕೊಲ್ಲಂ ನಡುವೆ ರೈಲು ಬಿಟ್ಟು ಬೋಟ್ ಹತ್ತುವುದು ಅಂದರೆ ನಾನು ಅಂದುಕೊಂಡ ಹಾಗೆ ಹೊಸ ಹುಚ್ಚೇನಲ್ಲ. ಹಳೇ ದಾರಿ ಅದು, ರೈಲೇ ಹೊಸಬ.

ಟಿಕೆಟ್ ನಾನೂರು ರೂಪಾಯಿ. ಮಾವ ಎರಡು ಸಲ ಕೇಳಿದರು, ಇಬ್ಬರಿಗಾ ಒಬ್ಬರಿಗಾ ಅಂತ. ಒಬ್ಬರಿಗೆ ಅಂದೆ. ಲಾಂಚಿನಲ್ಲಿ ಚಿಲ್ಲರೆ ಕಾಸು ಕೊಟ್ಟು ದಾಟಿದವರು ಪಾಪ. ಪಕ್ಕದಲ್ಲೇ ಊರ ಜನರ ಬೋಟುಗಳು ಹೊರಡುತ್ತಿದ್ದವು. ಕೇರಳದಲ್ಲಿ ಇದಕ್ಕೆ ಅಂತಲೇ ರಾಜ್ಯ ಜಲಸಾರಿಗೆ ಇಲಾಖೆ ಇದೆ, 1968ರಿಂದ. ನಮ್ಮ ಕೆಂಪು ಬಸ್ಸಿನ ಹಾಗೆ ಅಲ್ಲಿ ಬೋಟು. ಯೂನಿಫಾರ್ಮ್ ಮಕ್ಕಳು, ಮೀನಿನ ಬುಟ್ಟಿ, ಛತ್ರಿ ಹಿಡಿದ ಮೇಷ್ಟ್ರು. ನಮ್ಮದು ದೂರದ ಬೋಟು, ಪ್ರವಾಸಿಗರದ್ದು. ಮೇಲಿನ ಅಟ್ಟದಲ್ಲಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಬಿಸಿಲಿಗೆ ಕೆಂಪಾದ ಏಳೆಂಟು ವಿದೇಶಿಯರು, ಒಂದು ಗುಜರಾತಿ ಕುಟುಂಬ, ನಾವು.

ಮಾವ ಕುರ್ಚಿಯಲ್ಲಿ ಕೂರಲೇ ಇಲ್ಲ. ಕೆಳಗೆ ಹೋಗಿ ಬೋಟ್ ನಡೆಸುವುದನ್ನು ನೋಡುತ್ತಾ ನಿಂತರು. ಮುಂದೆ ಚಕ್ರ ಹಿಡಿಯುವವನಿಗೆ ಸ್ರಾಂಕ್ ಅಂತಾರೆ. ಎಂಜಿನ್ ಹತ್ತಿರ ಇನ್ನೊಬ್ಬ. ಎಂಜಿನ್‌ನವನಿಗೆ ಮುಂದಿನದು ಏನೂ ಕಾಣಲ್ಲ. ಇಬ್ಬರ ನಡುವೆ ಒಂದು ಹಗ್ಗ, ಹಗ್ಗಕ್ಕೆ ಒಂದು ಗಂಟೆ. ಸ್ರಾಂಕ್ ಹಗ್ಗ ಜಗ್ಗಿದ ಹಾಗೆ ಇವನು ಎಂಜಿನ್ ಏರಿಸ್ತಾನೆ, ಇಳಿಸ್ತಾನೆ. ದಡ ಬಂತು ಅಂದರೆ ಹಗ್ಗದ ಹುಡುಗ ಜಿಗಿದು ಗೂಟಕ್ಕೆ ಸುತ್ತು ಹಾಕ್ತಾನೆ. ಹತ್ತು ನಿಮಿಷ ನೋಡಿ ಮಾವ ಮೇಲೆ ಬಂದು ತೀರ್ಪು ಕೊಟ್ಟರು. "ಅಡ್ಡಿಲ್ಲ. ದಡಕ್ಕೆ ತಾಗ್ಸೋದು ಗೊತ್ತಿದೆ." ಮೊದಲನೇ ಕವಳ ಆಗ ಹಾಕಿದ್ದು.

ಪಳ್ಳಾತ್ತುರುತ್ತಿ ಸೇತುವೆ ಅಡಿ ನುಸುಳಿ ಬೋಟ್ ಕುಟ್ಟನಾಡಿನ ಒಳಗೆ ಹೋಯಿತು. ಎರಡೂ ಕಡೆ ಏರಿ, ಏರಿ ಮೇಲೆ ತೆಂಗು, ಬಾಳೆ, ಒಂದು ಸಾಲು ಮನೆ. ಹೆಂಗಸರು ಮೆಟ್ಟಿಲ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದರು. ಮನೆಗೊಂದು ಸಣ್ಣ ದೋಣಿ, ನಮ್ಮಲ್ಲಿ ಅಂಗಳದಲ್ಲಿ ಬೈಕ್ ನಿಲ್ಲಿಸಿರ್ತಾರಲ್ಲ ಹಾಗೆ. ಮಾವ ಎಲೆ ತೊಟ್ಟು ಮುರಿಯುತ್ತಾ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು ನಿಂತರು.

"ಅದು ಗದ್ದೆ ಅಲ್ವನಾ?"

ಗದ್ದೆಯೇ. ಏರಿಯ ಆಚೆ, ಕಣ್ಣು ಹಾಯುವಷ್ಟು ದೂರ ಹಸಿರು ಭತ್ತ. ಆದರೆ ನಮ್ಮ ಬೋಟ್ ಗದ್ದೆಗಿಂತ ಮೇಲೆ ಹೋಗುತ್ತಿತ್ತು. ಅಟ್ಟದ ಮೇಲೆ ನಿಂತಿದ್ದಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು. ಏರಿಯ ಈ ಕಡೆ ಕಾಲುವೆ ನೀರು ಅಂಚಿನ ತನಕ ಇದೆ, ಆ ಕಡೆ ಗದ್ದೆ ಒಂದಾಳುದ್ದ ಕೆಳಗಿದೆ. ಕುಟ್ಟನಾಡಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಿವೆ. ಕಾಯಲ್ ನಡುವೆ ಕೆಸರಿನ ಏರಿ ಹಾಕಿ, ಒಳಗಿನ ನೀರನ್ನು ಹೊರಗೆ ಎತ್ತಿ ಹಾಕಿ, ತಳದಲ್ಲಿ ಭತ್ತ ಬೆಳೀತಾರೆ. ನೀರೆತ್ತೋಕೆ ಮರದ ಪೆಟ್ಟಿಗೆಯ ಪಂಪ್ ಇರುತ್ತೆ, ಪೆಟ್ಟಿ ಮತ್ತು ಪರ ಅಂತ ಅದರ ಹೆಸರು. ಒಂದು ಕಡೆ ಅಂಥದ್ದು ಕಾಲುವೆಗೆ ದಬದಬ ನೀರು ಸುರಿಯುತ್ತಿತ್ತು. ನಮ್ಮಲ್ಲಿ ಕಾಲುವೆಯಿಂದ ಗದ್ದೆಗೆ ನೀರು ಬಿಡ್ತಾರೆ. ಇಲ್ಲಿ ಗದ್ದೆಯಿಂದ ಕಾಲುವೆಗೆ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಬೇಸಾಯವನ್ನು ಜಗತ್ತಿನ ಪಾರಂಪರಿಕ ಕೃಷಿ ಪದ್ಧತಿಗಳ ಪಟ್ಟಿಗೆ ಸೇರಿಸಿತು.

ಇದನ್ನೆಲ್ಲ ನಾನು ಹೇಳುತ್ತಿದ್ದೆ. ಮಾವ ಕೇಳುತ್ತಿದ್ದರೋ ಇಲ್ಲವೋ. ಎರಡನೇ ಕವಳ ಕಟ್ಟಿ ಆಗಿತ್ತು. ಹಸಿರು ಪೊಟ್ಟಣ ಎರಡು ಬೆರಳ ನಡುವೆ ಹಾಗೇ ಇತ್ತು, ಬಾಯಿಗೆ ಹೋಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಅಂದರು.

"ನೀರಿನ ಅಡೀಲಿ ಗದ್ದೆ ಮಾಡ್ತಾರಲ್ಲ."

ಒಂದೊಂದು ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ತೀರಾ ಇಳಿದಾಗ ಹಳೇ ಊರುಗಳು ಮೇಲೆ ಬರುತ್ತವೆ. 1948ರ ಹಿರೇಭಾಸ್ಕರ ಅಣೆಕಟ್ಟೆ, ಅಂದರೆ ಮಡೇನೂರು ಡ್ಯಾಮ್, ಅದೂ ಆಗ ಎದ್ದು ಕಾಣುತ್ತೆ. ಒಂದು ಡ್ಯಾಮ್ ಇನ್ನೊಂದು ಡ್ಯಾಮಿನ ನೀರಲ್ಲಿ ಮುಳುಗಿದ ಕಥೆ. ಮಾವ ಅಂಥ ವರ್ಷಗಳಲ್ಲಿ ಕೆಸರು ತುಳಿದುಕೊಂಡು ಹೋಗಿ ತಮ್ಮ ಹಳೇ ಮನೆಯ ಬಾವಿಕಟ್ಟೆ ನೋಡಿ ಬರುತ್ತಾರೆ. ಒಂದ್ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮರದ ಬೊಡ್ಡೆ, ಒಡೆದ ಹೆಂಚು, ಕಟ್ಟೆಯ ಕಲ್ಲು. "ಇಲ್ಲಿ ಕೊಟ್ಟಿಗೆ" ಅಂತ ಖಾಲಿ ಕೆಸರನ್ನು ತೋರಿಸಿದ್ದರು.

ಮಧ್ಯಾಹ್ನ ಒಂದು ಕಡವಿನಲ್ಲಿ ಊಟಕ್ಕೆ ನಿಲ್ಲಿಸಿದರು. ಕಡವು ಅನ್ನುವ ಮಾತು ಅಲ್ಲೂ ಇದೆ, ಊರ ಹೆಸರುಗಳ ಕೊನೆಗೆ ಅಂಟಿಕೊಂಡಿರುತ್ತೆ. ಕುಚ್ಚಲಕ್ಕಿ ಅನ್ನ, ಸಾಂಬಾರು, ಪಲ್ಯ. ನಾನು ಕರಿಮೀನು ಹೇಳಿದೆ. ಸೋಮವಾರ ಅಂತ ಮಾವ ಮುಟ್ಟಲಿಲ್ಲ, ನನ್ನ ಎಲೆಯ ಕಡೆ ಮಾತ್ರ ಆಗಾಗ ನೋಡಿದರು. ಊಟ ಆಗಿ ಮೂರನೇ ಕವಳ ಹಾಕಿ ಬೋಟ್ ಹತ್ತಿದರು.

ತೋಟ್ಟಪ್ಪಳ್ಳಿಯಲ್ಲಿ ಸಾಲು ಸಾಲು ಗೇಟುಗಳ ಉದ್ದದ ಕಟ್ಟೆ ಕಾಣುತ್ತೆ. ಮಳೆಗಾಲದ ಪ್ರವಾಹ ಕುಟ್ಟನಾಡಿನ ಗದ್ದೆಗಳನ್ನು ಮುಳುಗಿಸದೆ ಸಮುದ್ರಕ್ಕೆ ಹೋಗಲಿ ಅಂತ 1955ರಲ್ಲಿ ಕಟ್ಟಿದ್ದು. ಅದಾದ ಮೇಲೆ ಪಲ್ಲನ. ಇಲ್ಲಿ ನೀರು ತಿರುವು ತೆಗೆದುಕೊಳ್ಳುತ್ತೆ. ಮಲಯಾಳದ ಮಹಾಕವಿ ಕುಮಾರನ್ ಆಶಾನ್ 1924ರ ಜನವರಿಯಲ್ಲಿ ಮುಳುಗಿ ತೀರಿಕೊಂಡಿದ್ದು ಇಲ್ಲೇ. ಕೊಲ್ಲಂನಿಂದ ಆಲಪ್ಪುಳಕ್ಕೆ ರಾತ್ರಿ ಬೋಟಿನಲ್ಲಿ ಬರುತ್ತಿದ್ದರು, ಅಂದರೆ ನಮ್ಮದೇ ದಾರಿ, ಉಲ್ಟಾ. ಬೋಟ್ ಮಗುಚಿತು. ಐವತ್ತು ವರ್ಷ ವಯಸ್ಸು ಅವರಿಗೆ. ಬೋಟಿನ ಹೆಸರು ರಿಡೀಮರ್, ಉದ್ಧಾರ ಮಾಡುವವನು ಅಂತ. ದಡದಲ್ಲಿ ಅವರ ಸ್ಮಾರಕ ಇದೆ.

ಮಾವನಿಗೆ ಇದನ್ನು ಹೇಳಿದ್ದು ತಪ್ಪಾಯ್ತೇನೋ. "ಜನ ಜಾಸ್ತಿ ಹತ್ತಿಸಿರ್ತಾರೆ" ಅಂದರು. ಸಂಕ್ರಾಂತಿಗೆ ಸಿಗಂದೂರು ಜಾತ್ರೆ ದಿನ ಲಾಂಚಿನ ಮೇಲೆ ನಿಲ್ಲುವ ಜನ ನೋಡಿದವರು ಅವರು. ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಸಂಚಿ ಇಲ್ಲ.

ಊಟದ ಹೋಟೆಲಿನ ಕೈ ತೊಳೆಯುವ ಜಾಗದಲ್ಲಿ ಕಲ್ಲುಕಟ್ಟೆ ಮೇಲೆ ಇಟ್ಟಿದ್ದು ನೆನಪಿಗೆ ಬಂತು. ಎಲೆ ಅಡಿಕೆ ಹೋದರೆ ಹೋಗಲಿ, ಅದರಲ್ಲಿ ಅಡಕತ್ತರಿ ಇತ್ತು. ಮಾವನ ಅಪ್ಪನದು. ಮುಳುಗಿದ ಮನೆಯಿಂದ ಬಂದ ಸಾಮಾನುಗಳಲ್ಲಿ ದಿನಾ ಕೈಗೆ ಸಿಗುತ್ತಿದ್ದದ್ದು ಅದೊಂದೇ. ಮಾವನ ಮುಖ ನೋಡಲಾಗಲಿಲ್ಲ ನನಗೆ.

ಕೆಳಗೆ ಹೋಗಿ ಹಗ್ಗದ ಹುಡುಗನಿಗೆ ಹೇಳಿದೆ. ನನ್ನ ಇಂಗ್ಲಿಷ್ ಅವನಿಗೆ ಹತ್ತಲಿಲ್ಲ, ಅವನ ಮಲಯಾಳ ನನಗೆ ಹತ್ತಲಿಲ್ಲ. ಮಾವ ಹಿಂದೆಯೇ ಬಂದು ಬೆರಳಿನಿಂದ ಎಲೆಗೆ ಸುಣ್ಣ ಸವರುವ ಹಾಗೆ ಮಾಡಿ ತೋರಿಸಿದರು. ಅವನ ಮುಖ ಅರಳಿತು. "ವೆತ್ತಿಲ? ಅಡಕ್ಕ?" ಅಂದ. "ಹಾಂ, ಅಡಿಕೆ, ಅಡಿಕೆ" ಅಂದರು ಮಾವ. ಅವನು ಹೋಟೆಲಿಗೆ ಫೋನ್ ಹಚ್ಚಿದ. ಏನೋ ಮಾತಾಡಿದ, ನಕ್ಕ, ಫೋನ್ ಇಟ್ಟು ಮಾವನ ಕಡೆ ತಿರುಗಿ ಹೇಳಿದ.

"ನಾಳೆ."

ನಾಳೆಗೆ ಅವರಲ್ಲೂ ನಾಳೆಯೇ. ನಾಳೆಯ ಬೋಟ್ ಊಟಕ್ಕೆ ಅಲ್ಲೇ ನಿಲ್ಲುತ್ತೆ, ಸಂಚಿ ಅದರಲ್ಲಿ ಕೊಲ್ಲಂಗೆ ಬರುತ್ತೆ, ಸಂಜೆ ಜೆಟ್ಟಿಗೆ ಬನ್ನಿ ಅಂತ ಕೈ ಬಾಯಿ ಸನ್ನೆಯಲ್ಲಿ ತಿಳಿಸಿದ. ನಮ್ಮಲ್ಲಿ ಬಸ್ ಕಂಡಕ್ಟರ್ ಕೈಲಿ ಔಷಧಿ, ಅಪ್ಪೆಮಿಡಿ, ಮರೆತ ಛತ್ರಿ ಎಲ್ಲ ಕಳಿಸುತ್ತೀವಲ್ಲ, ಅದೇ ಪದ್ಧತಿ. ನನಗೆ ಸಮಾಧಾನ ಆಯ್ತು, ಮಾವನಿಗೆ ಆಗಲಿಲ್ಲ.

ತ್ರಿಕ್ಕುನ್ನಪ್ಪುಳದಲ್ಲಿ ಲಾಕ್ ಇದೆ. ಲಾಕ್ ಅಂದರೆ ನೀರಿಗೆ ಹಾಕಿದ ಎರಡು ಬಾಗಿಲು, ನಡುವೆ ಬೋಟ್ ಹಿಡಿಯುವಷ್ಟು ಜಾಗ. ಒಂದು ಬಾಗಿಲು ತೆಗೆದು ಬೋಟನ್ನು ಒಳಗೆ ಬಿಟ್ಟು ಮುಚ್ಚಿ, ಮುಂದಿನ ನೀರಿನ ಮಟ್ಟಕ್ಕೆ ಸಮ ಮಾಡಿ, ಆಮೇಲೆ ಮುಂದಿನ ಬಾಗಿಲು ತೆಗೆಯುವುದು. ಈ ಲಾಕ್ ಇರೋದು ಮುಖ್ಯವಾಗಿ ಕಾಯಂಕುಳಂ ಕಾಯಲಿನ ಉಪ್ಪುನೀರು ಕುಟ್ಟನಾಡಿನ ಗದ್ದೆ ಕಡೆ ನುಗ್ಗದಿರಲಿ ಅಂತ. ನಾನು ಉತ್ಸಾಹದಲ್ಲಿ ಮಾವನಿಗೆ ವಿವರಿಸಿದೆ. ಇಂಥ ಬಾಗಿಲು ಇಟ್ಟರೆ ಬೋಟನ್ನು ಗುಡ್ಡಕ್ಕೂ ಹತ್ತಿಸಬಹುದು, ಬೇರೆ ದೇಶಗಳಲ್ಲಿ ಹಾಗೇ ಮಾಡಿದ್ದಾರೆ ಅಂದೆ.

"ಜೋಗಕ್ಕೆ ಎಷ್ಟು ಬಾಗ್ಲು ಬೇಕಾಗ್ಬಹುದು?" ಅಂದರು ಮಾವ.

ಜೋಗ 253 ಮೀಟರ್. ಲೆಕ್ಕ ಹಾಕೋಕೆ ಹೋಗಿ ಬಿಟ್ಟೆ. ಆದರೆ ಮಾವನ ಕುಹಕದಲ್ಲಿ ನಮ್ಮ ಮಲೆನಾಡಿನ ಹೊಳೆಗಳ ಕಥೆಯೆಲ್ಲ ಇತ್ತು. ತುಂಗೆ ಬಂಡೆ ಮೇಲೆ ಬಂಡೆ ಹಾರಿಕೊಂಡು ಬರ್ತಾಳೆ. ಶರಾವತಿ ಒಂದೇ ಸಲ ಬಿದ್ದುಬಿಡ್ತಾಳೆ. ಬೇಸಿಗೆಯಲ್ಲಿ ಮೊಣಕಾಲು ಮಟ್ಟ, ಮಳೆಗಾಲದಲ್ಲಿ ಯಮ. ಇಂಥ ಹೊಳೆಯ ಉದ್ದಕ್ಕೆ ದೋಣಿ ಬಿಡುವವರು ಯಾರು? ನಮ್ಮ ದೋಣಿ ಏನಿದ್ದರೂ ಅಡ್ಡಕ್ಕೆ. ಈ ದಡದಿಂದ ಆ ದಡ. ಗಾದೆಯೂ ಅದನ್ನೇ ಹೇಳುತ್ತೆ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ. ಹೊಳೆಯ ಉದ್ದಕ್ಕೆ ಹೋಗುವುದು ನಮ್ಮಲ್ಲಿ ಮರದ ದಿಮ್ಮಿ, ತೇಲಿ ಬಂದ ತೆಂಗಿನಕಾಯಿ. ಜುಲೈನಲ್ಲಿ ಶಿವಮೊಗ್ಗದ ಜನ ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತಾ ಅಂತ ನೋಡೋಕೆ ಹೋಗಿ ಸೇತುವೆ ಮೇಲಿಂದ ಅದನ್ನೇ ಎಣಿಸ್ತಾ ನಿಲ್ತಾರೆ.

ಘಟ್ಟ ಇಳಿದರೆ ಮಾತು ಬೇರೆ. ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಶರಾವತಿ ಸಾಧುವಾಗಿ ಹರಿಯುತ್ತಾಳೆ. ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಕಾಳುಮೆಣಸು ಸಮುದ್ರ ಸೇರುತ್ತಿದ್ದದ್ದು ಆ ಹೊಳೆಯ ಮೇಲೇ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದಿದ್ದು ಸುಮ್ನೆ ಅಲ್ಲ. ನಾವು ಬೋಟಿನಲ್ಲಿ ಕೂತಿದ್ದ ದಾರಿ, ಕೊಲ್ಲಂನಿಂದ ಕೋಟ್ಟಪ್ಪುರಂ ತನಕ, 1993ರಿಂದ ರಾಷ್ಟ್ರೀಯ ಜಲಮಾರ್ಗ 3. ಪಕ್ಕದ ಎರಡು ಕಾಲುವೆ ಸೇರಿಸಿದರೆ 205 ಕಿಲೋಮೀಟರ್. ಅದೇ 2016ರಲ್ಲಿ ಹೊಸ ಕಾಯ್ದೆ ಬಂದು ದೇಶದ ಜಲಮಾರ್ಗಗಳ ಪಟ್ಟಿ 111ಕ್ಕೆ ಏರಿತು. ಅದರಲ್ಲಿ ಘಟ್ಟದ ಕೆಳಗಿನ ಶರಾವತಿಯೂ ಇದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಬೋಟ್ ಬರಲ್ಲ, ಅದು ಬೇರೆ ವಿಷಯ.

ಕಾಯಂಕುಳಂ ಕಾಯಲ್‌ಗೆ ಬಂದಾಗ ನೀರು ಅಗಲವಾಯಿತು. ಬಲಕ್ಕೆ ತೆಂಗಿನ ಸಾಲು, ಅದರ ಆಚೆಯಿಂದ ಒಂದೇ ಸಮ ಭೋರ್ ಅನ್ನುವ ಸದ್ದು. ಸಮುದ್ರ. ನಡುವೆ ಇರುವುದು ಮರಳಿನ ಒಂದು ಪಟ್ಟಿ ಅಷ್ಟೇ. ಆಗ ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತು.

"ನೋಡಿ ಮಾವ, ಡ್ಯಾಮ್ ಅಲ್ಲಿದೆ. ಹೊಳೆಗಳು ಘಟ್ಟದಿಂದ ಬರ್ತವೆ, ಸಮುದ್ರ ಎದುರಿಗೆ ಮರಳು ತಂದು ಹಾಕುತ್ತೆ. ನೀರು ಹಿಂದೆ ನಿಲ್ಲುತ್ತೆ."

ಮಾವ ಆ ಪಟ್ಟಿಯನ್ನು ನೋಡಿದರು. "ಯಾರಿಗೂ ನೋಟೀಸ್ ಕೊಡದೇ ಕಟ್ಟಿದ ಡ್ಯಾಮು" ಅಂದರು.

ಆಮೇಲೆ ಅವರು ಮಾತಾಡೋಕೆ ಶುರು ಮಾಡಿದರು. ಕವಳ ಇಲ್ಲದ ಬಾಯಿ ಅಲ್ವಾ. ನಾನು ಹುಟ್ಟಿದಾಗಿಂದ ನೋಡಿದ ಮಾವ ಬಾಯಲ್ಲಿ ರಸ ತುಂಬಿಕೊಂಡು ಹೂಂ ಹೂಂ ಅನ್ನುವವರು. ಅವತ್ತು ನಾಲ್ಕು ಗಂಟೆ ಕಾಲ ಒಂದೇ ಸಮ ಹೇಳಿದರು. ಲಾಂಚಿನ ಮೇಲೆ ಮೊದಲ ಸಲ ಬಸ್ ಹತ್ತಿಸಿದಾಗ ಮುಳುಗುತ್ತೆ ಅಂತ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದು. ಬೇಸಿಗೆಯಲ್ಲಿ ನೀರು ಇಳಿದು ಲಾಂಚ್ ದಡಕ್ಕೆ ಬರಲಾಗದೆ ವಾಹನ ಬಿಟ್ಟು ಬರೀ ಜನರನ್ನು ದಾಟಿಸಿದ ವರ್ಷಗಳು. ಮದುಮಗಳು ಬಂದ ಲಾಂಚ್, ಹೆಣ ಬಂದ ಲಾಂಚ್. ಸಂಜೆಯ ಕೊನೇ ಲಾಂಚ್ ಹೋದ ಮೇಲೆ ಯಾರಿಗೂ ಹೊಟ್ಟೆನೋವು ಬರಬಾರದು ಅನ್ನುವುದು ಅವರ ಮನೆಯ ದಿನದ ಪ್ರಾರ್ಥನೆ. ತಮಾಷೆಗೆ ಹೇಳಿದ್ದಲ್ಲ. ಒಂದು ರಾತ್ರಿ ಬಸುರಿ ತಂಗಿಯನ್ನು ದೋಣಿಯಲ್ಲಿ ಮಲಗಿಸಿಕೊಂಡು ಮಳೆಯಲ್ಲಿ ದಾಟಿಸಿದ್ದನ್ನು ಹೇಳುವಾಗ ಧ್ವನಿ ಇಳಿಯಿತು. ಆ ತಂಗಿ ನನ್ನ ಅಮ್ಮ. ನನಗೆ ಯಾರೂ ಹೇಳಿರಲಿಲ್ಲ.

ಬೋಟ್ ಮತ್ತೆ ಸಣ್ಣ ಕಾಲುವೆಗೆ ಇಳಿಯಿತು. ಅಮೃತಪುರಿಯ ಎತ್ತರದ ಕಟ್ಟಡಗಳು, ಕಾಲುವೆ ಮೇಲೆ ಬಿಲ್ಲಿನ ಹಾಗೆ ಬಾಗಿದ ನಡೆಯುವ ಸೇತುವೆ. 2004ರ ಸುನಾಮಿಯಲ್ಲಿ ಈ ಮರಳು ಪಟ್ಟಿಯ ಜನಕ್ಕೆ ಆಚೆ ದಡಕ್ಕೆ ಓಡಲು ದಾರಿ ಇರಲಿಲ್ಲ, ಅದಕ್ಕೇ ಆಮೇಲೆ ಕಟ್ಟಿದ್ದು. ಮಾವ ಅದನ್ನು ಕತ್ತೆತ್ತಿ ನೋಡಿ, "ಹಾಂ, ಸೇತುವೆ ಇವರಿಗೂ ಬೇಕು" ಅಂದರು. ನೀರೇ ರಸ್ತೆ ಅಂತ ನಾನು ಬೆಳಿಗ್ಗೆಯಿಂದ ಹಾಡಿದ್ದಕ್ಕೆ ಇದು ಅವರ ಉತ್ತರ ಅಂತ ಕಾಣುತ್ತೆ.

ಆದರೂ ಒಂದು ಕಂಡಿದ್ದನ್ನು ಹೇಳಲೇಬೇಕು. ಆ ಕಾಲುವೆಯ ಉದ್ದಕ್ಕೂ ಎಷ್ಟೋ ಮನೆಗಳ ಮುಖ ನೀರಿನ ಕಡೆಗೇ ಇದೆ. ಮೆಟ್ಟಿಲು, ತುಳಸಿ, ಒಣಗಲು ಹಾಕಿದ ಬಟ್ಟೆ, ಓದುತ್ತಾ ಕೂತ ಮಕ್ಕಳು, ಎಲ್ಲ ನೀರಿಗೆ ಎದುರಾಗಿ. ಬೋಟ್ ಹೋದಾಗ ಮಕ್ಕಳು ಕೈ ಬೀಸುತ್ತವೆ. ಶಿವಮೊಗ್ಗದಲ್ಲಿ ನಮ್ಮ ಬಡಾವಣೆ ಪಕ್ಕ ತುಂಗಾ ಚಾನಲ್ ಹೋಗುತ್ತೆ. ಗಾಜನೂರು ಅಣೆಯ ನೀರು. ಮನೆಗಳೆಲ್ಲ ಅದಕ್ಕೆ ಬೆನ್ನು ಹಾಕಿ ಕೂತಿವೆ, ನಮ್ಮ ಮನೆಯೂ ಸೇರಿ. ಹಿತ್ತಲ ಗೋಡೆ ಎತ್ತಿದ್ದೇವೆ, ಗೋಡೆ ಮೇಲಿಂದ ಕಸ ಎಸೆಯುತ್ತೇವೆ. ನೀರು ಬಿಟ್ಟರೋ ನಿಲ್ಲಿಸಿದರೋ ಅಂತ ಗೊತ್ತಾಗೋದು ಸೊಳ್ಳೆಯಿಂದ. ಮನೆ ಕಟ್ಟುವಾಗ ಎಂಜಿನಿಯರ್ ಒಂದು ಕಿಟಕಿ ಆ ಕಡೆ ಇಡೋಣವಾ ಅಂತ ಕೇಳಿದ್ದ. ಬೇಡ ಅಂದವನು ನಾನೇ.

ಚವರ ದಾಟಿ ಅಷ್ಟಮುಡಿ ಕಾಯಲ್ ಸೇರುವಾಗ ಹೊತ್ತು ಇಳಿದಿತ್ತು. ಚೀನಾ ಬಲೆಗಳ ಉದ್ದ ಕೋಲುಗಳು ಕೆಂಪು ನೀರಿನ ಮೇಲೆ ಕಪ್ಪಗೆ ನಿಂತಿದ್ದವು. ವಿದೇಶಿಯರೆಲ್ಲ ಎದ್ದು ಫೋಟೋ ತೆಗೆದರು. ಮಾವ ನಿದ್ದೆ ಹೋಗಿದ್ದರು. ಎಬ್ಬಿಸಲಿಲ್ಲ.

ಕೊಲ್ಲಂ ಜೆಟ್ಟಿಯೂ ಬಸ್ ಸ್ಟ್ಯಾಂಡ್ ಪಕ್ಕವೇ. ದಿಬ್ಬಣದವರು ಬೆಳಿಗ್ಗೆಯೇ ತಲುಪಿ, ಸ್ನಾನ ಮಾಡಿ, ತಿಂದು, ಮಲಗಿ, ಎದ್ದು, ಪೇಟೆಗೆ ಹೋಗಿ ಎರಡು ಸೀರೆಯನ್ನೂ ತಂದಿದ್ದರು. ಅತ್ತೆ ಮಾವನನ್ನು ನೋಡಿದ ಕೂಡಲೇ, "ಬಾಯಿ ಯಾಕೆ ಬೆಳ್ಳಗಿದೆ?" ಅಂದರು. ಮೂವತ್ತೈದು ವರ್ಷದ ಸಂಸಾರ, ಗೊತ್ತಾಗದೇ ಇರುತ್ತಾ.

ಮರುದಿನ ಮದುವೆ ಮುಹೂರ್ತ ಅಂದರೆ ಹದಿನೈದು ನಿಮಿಷ. ನಮ್ಮವರು ಇನ್ನೂ ಕುರ್ಚಿ ಹುಡುಕುತ್ತಿದ್ದರು, ತಾಳಿ ಕಟ್ಟಿ ಆಗಿತ್ತು. ಹುಡುಗಿ ಕಡೆಯವರು ಮಾವನಿಗೆ ಎಲೆ ಅಡಿಕೆ ಕೊಟ್ಟರು. ಮಾವ ಅಡಿಕೆಯನ್ನು ಹಲ್ಲಿನಲ್ಲಿ ಪರೀಕ್ಷೆ ಮಾಡಿ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡರು. "ಹಸಿ" ಅಂತ ನನ್ನ ಕಿವಿಯಲ್ಲಿ ಹೇಳಿದರು. ಪಾಯಸ ಮಾತ್ರ ಮೂರು ಸಲ ಹಾಕಿಸಿಕೊಂಡರು.

ಸಂಜೆ ಆರಕ್ಕೇ ಹೋಗಿ ಜೆಟ್ಟಿಯಲ್ಲಿ ನಿಂತೆವು. ಬೋಟ್ ಬರುವಾಗ ಆರೂಮುಕ್ಕಾಲು. ನಿನ್ನೆಯ ಹುಡುಗ ಅಲ್ಲ, ಬೇರೆಯವನು. ಹಗ್ಗ ಸುತ್ತಿ ಆದ ಮೇಲೆ ಒಳಗೆ ಹೋಗಿ ಮಲಯಾಳ ಪೇಪರಿನಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ ಪೊಟ್ಟಣ ತಂದ. ಮಾವ ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಿಚ್ಚಿದರು. ಅಡಕತ್ತರಿ ಇತ್ತು. ಅದನ್ನು ಎರಡು ಸಲ ತೆಗೆದು ಮುಚ್ಚಿ ನೋಡಿದರು. ಸುಣ್ಣದ ಡಬ್ಬಿ ಇತ್ತು. ಎಲೆ ಬಾಡಿ ಚಕ್ಕೆಯಾಗಿತ್ತು. ಆಮೇಲೆ ಅಡಿಕೆ ಇಟ್ಟಿದ್ದ ಕಿಸೆಗೆ ಬೆರಳು ಹಾಕಿ ಎಣಿಸಿದರು.

"ನಾಲ್ಕು ಹೋಳು ಕಮ್ಮಿ ಇದೆ."

ನಾನು ಹುಡುಗನ ಮುಖ ನೋಡಿದೆ. ಅವನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ನಮ್ಮ ಸಾಗರದ ಕೆಂಪಡಿಕೆ ಅವನು ಯಾವತ್ತು ನೋಡಿರಬೇಕು. ಬಾಯಿ ತೆಗೆದು ಕೆಂಪು ನಾಲಿಗೆ ತೋರಿಸಿ ನಕ್ಕ.

ಮಾವ ನನ್ನ ಕಡೆ ಕೈ ಚಾಚಿದರು. "ಹೋಗು, ಎಲ್ಲಾದ್ರೂ ನಾಲ್ಕು ಹಸಿ ಎಲೆ ಸಿಗತ್ತಾ ನೋಡು. ಇವ್ನಿಗೂ ಒಂದು ಕಟ್ತೀನಿ."